ಹಲಗೆ ದಾರಿಯ ಮೌನ

ಎಪ್ಪತ್ತೊಂಬತ್ತರ ಬೇಸಿಗೆ. ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಓಬವ್ವ ಪಟ್ಟಿ ಕಟ್ಟಿದ ಕಾಲು ಚಾಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ಜಪಮಾಲೆ ಹಿಡಿದ ಇಬ್ಬರು ಹೆಂಗಸರು. ಸೂಳೆಕೆರೆ ದಂಡೆಯ ಧ್ಯಾನಕೇಂದ್ರದಲ್ಲಿ ಮೂರು ದಿನದ ಮೌನ ಮುಗಿಸಿ, ಉಳಿದುಹೋದ ಮಾತನ್ನೆಲ್ಲ ಈಗ ಆಡಿ ತೀರಿಸಿಕೊಳ್ಳುತ್ತಿದ್ದರು.

“ನೀರಿನ ಮೇಲಿನ ಹಲಗೆ ದಾರಿ ಭಾಳ ಚೆಂದ ಐತೆ, ಫಿಲೋಮಿನಕ್ಕ. ಆ ಹಲಗೆ ತಿಕ್ಕೋಳು ಕೂಗಿದ್ದೇ ಒಂದು ಕಾಟ.”

“ಹಲಗೆ ಮುರಿದು ಕಾಲು ಸಿಕ್ಕಂಡಿತ್ತಲ್ಲ, ಅವಳಾ?”

“ಹೂಂ, ನಾನು ದೂರದಿಂದ ಕಂಡೆ. ನೀವೂ ನೋಡಿದ್ರಾ?”

“ಧ್ಯಾನದಾಗೆ ತಲೆ ಬಗ್ಗಿಸಿದ್ದೆ, ಮುಖ ನೋಡ್ಲಿಲ್ಲ. ಸೀರೆ ಎತ್ಕಂಡು ದಾಟಿ ಹೋದೆ.”

“ಯಾರನ್ನಾದ್ರೂ ಕರೀಬೋದಿತ್ತೇನೋ.”

“ಕರಿಯಾಕೆ ಬಾಯಿ ಬಿಡಬೇಕಲ್ಲ ಲೂರ್ದಮ್ಮ! ಮೂರು ದಿನದ ಮೌನ ಮಣ್ಣುಪಾಲು ಮಾಡ್ಲಾ?”

“ಊಟದ ಗಂಟೆ ಹೊಡೆದ ಮೇಲೆ ಮಾಲಿ ಬಂದು ಎಳೆದ್ನಂತೆ.”

“ನೋಡಿದ್ಯಾ, ದೇವರು ಕೈಬಿಡಲ್ಲ. ನಾನೂ ಅವಳಿಗೋಸ್ಕರ ಒಂದು ಜಪಮಾಲೆ ಪೂರ್ತಿ ಮಾಡ್ದೆ.”

“ಹೆಸರೇನಂತೆ ಅವಳ್ದು?”

“ಯಾರಿಗೆ ಗೊತ್ತು!”

ದಾವಣಗೆರೆ ಬಸ್ಸು ಬಂತು. ಫಿಲೋಮಿನಮ್ಮ ಎದ್ದು, “ದಾರಿಗಡ್ಡ ಚಾಚಿದೀಯಲ್ಲ, ಕಾಲು ತಗಿಯವ್ವ” ಎಂದಳು.

ಓಬವ್ವ ಎರಡೂ ಕೈಯಿಂದ ಕಾಲನ್ನೆತ್ತುವಷ್ಟರಲ್ಲಿ ಆಕೆ ಸೀರೆ ಎತ್ತಿ ಹಿಡಿದು, ಮೊನ್ನೆ ಹಲಗೆಯ ಮೇಲೆ ದಾಟಿದ ಹಾಗೇ, ಅವಳನ್ನು ದಾಟಿ ಹೋದಳು.