ಸಜ್ಜೆಯ ಕವರು

...ಅದನ್ನೇ ಹೇಳ್ತಿರೋದು ಗಂಗಕ್ಕ, ನಿನ್ನ ಹೊಲದಿಂದ ಎರಡು ಕವರಲ್ಲಿ ತಗೊಂಡೋದ ಜೋಳ, ಸಜ್ಜೆ ಎಲೆ ಲಕ್ಷಾಂತರ ರೂಪಾಯಿನ ಮಿಶನ್ನೊಳಗೆ ಹೋಗಿ ಬಂದವೆ. ನಮ್ಮೂರು ಹಾಲ್ಕುರಿಕೇಲಿ ಪಿಎಚ್‌ಡಿ ಮಾಡ್ತಿರೋನು ಈ ದಯಾನಂದ ಒಬ್ನೇ ಕಣಕ್ಕ. ಹ್ಞೂಂ, ಪೊರಕೆ ಕಡ್ಡಿ ಸೀಳ್ತಾನೇ ಕೇಳು.

ಗಿಡದ ಒಂದೊಂದು ಜೀವಕೋಶದೊಳಗೂ ಪುಟ್ಟ ಪುಟ್ಟ ಒಲೆ ಅವೆ, ಮೈಟೊಕಾಂಡ್ರಿಯಾ ಅಂತ. ಅದರ ಜೀನು ತಾಯಿ ಕಡೆಯಿಂದ್ಲೇ ಬರೋದು. ಅಪ್ಪಂದೇನೂ ನಡೆಯಲ್ಲ, ನಿಮ್ಮನೇಲಿ ನಿನ್ನ ಗಂಡ ಮಾಯಣ್ಣನ ಮಾತು ನಡೆಯದಿರೋ ಹಂಗೆ. ಜೋಳ, ಸಜ್ಜೆ ದಾಯಾದಿಗಳು. ಯಾವ ಜೀನು ಇದ್ರಲ್ಲಿ ಇಡಿಯಾಗೈತೆ, ಅದ್ರಲ್ಲಿ ತುಂಡಾಗೈತೆ ಅಂತ ಪಕ್ಕಪಕ್ಕ ಇಟ್ಟು ನೋಡೋದು ನನ್ನ ಕೆಲಸ. ನೋಡಿದ್ರೆ ಒಂದಕ್ಷರ ವ್ಯತ್ಯಾಸ ಇಲ್ಲ. ದಾಯಾದಿಗಳು ಇಷ್ಟು ಹೊಂದ್ಕೊಂಡಿದ್ದನ್ನ ಈ ತಾಲ್ಲೂಕಲ್ಲಿ ಯಾರಾದ್ರೂ ಕಂಡವ್ರಾ? ನನ್ನ ಗೈಡು ಯೋಗಿತಾ ಮೇಡಂಗೂ ಅದೇ ಅನುಮಾನ. ನಾಳೆ ನಿನ್ನ ಹೊಲಕ್ಕೇ ಬತ್ತಾರಂತೆ.

ಅದಕ್ಕೇ ಈ ಕಾಗದ. ಇಲ್ಲೊಂದು ಸೈನು ಹಾಕ್ಬುಡು, ಮುಗೀತು. ಓದೋದೇನೂ ಬೇಡ, ಆಫೀಸು ಕನ್ನಡ, ಬರೆದ ನಂಗೇ ಅರ್ಥ ಆಗಲ್ಲ... ಕನ್ನಡಕ ಯಾಕೀಗ?

ಆ ಎರಡನೇ ಸಾಲು ಸುಮ್ನೆ. 'ಗಂಗಕ್ಕನವರ ಬಿತ್ತನೆ ಕಾಳು ಬೆರಕೆಯಾಗಿತ್ತು' ಅಂದ್ಬಿಟ್ರೆ ಮಾನ ಹೋಯ್ತದಾ? ಬಿಳಿಗೆರೆಯಿಂದ ಬಂದು ನಿನ್ನ ಬೀಜದ ಗಡಿಗೆ ಮುಂದೆ ಸಾಲು ನಿಲ್ಲೋರು ಇದನ್ನ ಓದೋಕೆ ಬತ್ತಾರಾ? ...ಸರಿ, ಮಾತು ಹೋಗಿ ಮುಟ್ತದೆ ಅಂತ್ಲೇ ಇಟ್ಕೊ. ಒಂದು ವರ್ಷ ಆಡ್ಕೋತಾರೆ, ಮರೀತಾರೆ.

ಹಂಗ್ ನೋಡಬೇಡ. ರಾಗಿ ನಡುವೆ ಅಕ್ಕಡಿ ಸಾಲು ಹಾಕ್ವಾಗ ನೀನೇ ಕಾಳು ಬೆರೆಸಿರಬಹುದು, ಯಾರಿಗ್ ಗೊತ್ತು? ನಾನು ಎಲೆ ಕೀಳೋಕೆ ಬಂದ ದಿನ ನೀನೇನೋ ಈ ತುದೀಲಿ ಜೋಳ, ಆ ತುದೀಲಿ ಸಜ್ಜೆ ಅಂದೆ. ಬಾರಪ್ಪ, ತೋರಿಸ್ತೀನಿ ಅಂತ ಎದ್ದೂ ನಿಂತೆ. ಬದುವಿನ ಮೇಲೆ ಹುಟ್ಟಿದೋನಿಗೆ ಪೈರಿನ ಗುರುತು ಹೇಳ್ಕೊಡ್ತೀಯಾ ಅಂತ ನಾನೇ ಕೂರಿಸಿದ್ದು. ಗೇಣುದ್ದದ ಪೈರು, ಎರಡೂ ಒಂದೇ ಥರ ಕಾಣ್ತವೆ. ಮೇಡಂ ಕಣ್ಣಿಗೂ ಅಷ್ಟೆ.

ಕಡ್ಡಿ ಯಾಕೆ ಪಕ್ಕಕ್ಕಿಟ್ಟೆ ಗಂಗಕ್ಕ? ಬೈಯೋದಾದ್ರೆ ಬೈದ್ಬುಡು.

...ಆ ತುದಿಗಂಟ ಹೋಗಿದ್ದೆ ಕಣಕ್ಕ. ಅರ್ಧ ದಾರಿ. ...ಕಾಲು ಭಾಗ ಅನ್ನು. ಹಿಂದಿನ ದಿನ ಮಳೆ, ಹೊಲವೆಲ್ಲಾ ಕೆಸರು. ಕಾಲಲ್ಲಿ ಹೊಸ ಶೂ.

ಎರಡು ಕವರಿಗೂ ಈ ತುದಿ ಜೋಳದ ಎಲೇನೇ ತುಂಬ್ಕೊಂಡೋದೆ.

...ಪೆನ್ನು ಯಾಕೆ ನನ್ನ ಕಡೆ ಹಿಡಿದಿದ್ದೀಯಾ? ಹ್ಞೂಂ, ಕಂಡೆ, ಕಾಗದದ ಹಿಂದುಗಡೆ ಖಾಲಿ ಐತೆ. ಕೊಡು ಇತ್ಲಾಗೆ, ನಡೆದಿದ್ದನ್ನೇ ಬರೀತೀನಿ.

ಶೂ ವಿಷಯಾನೂ ಬರೀಬೇಕಾ?