ಬಜ್ಪೆ ದಾರಿಯಲ್ಲಿ ಬೆವರಿದ ಪೈಪು

…ಇಲ್ಲ ಶಾಹಿದಾ, ಎಂತದೂ ಆಗಲಿಲ್ಲ. ಆಕ್ಸಿಡೆಂಟ್ ಎಲ್ಲ ಇಲ್ಲ. ಬಾಗಿಲಿಂದ ಸ್ವಲ್ಪ ಆಚೆ ನಿಲ್ಲು, ಸೂಟ್‌ಕೇಸ್ ಒಳಗೆ ತರ್ತೇನೆ. ವಿಮಾನ ನಾಳೆಗೆ ಹೋಯ್ತಂತೆ. ಏನೋ ಮೆಷಿನ್ ತೊಂದರೆ. ನಾಳೆ ಹೋದರಾಯ್ತು… ಹಾಗೆ ನೋಡಬೇಡ ಮಾರಾಯ್ತಿ. ಬೆಳಿಗ್ಗೆ ದುಬೈಗೆ ಅಂತ ಕಳಿಸಿದ ಗಂಡ ಸಂಜೆ ಮೆಟ್ಟಿಲಲ್ಲಿ ನಿಂತರೆ ಯಾರಿಗಾದರೂ ಗಾಬರಿ ಆಗ್ತದೆ. ಕೂತುಕೋ. ಇವತ್ತು ಮೂಡುಬಿದಿರೆಯಲ್ಲಿ ಎಂತ ಆಯ್ತು ಹೇಳ್ತೇನೆ, ನೀನೇ ನಗ್ತೀ.

ಆ ಅಂಕಿತ್ ಗೊತ್ತುಂಟಲ್ಲ, ನಾರಾವಿ ಬಾಹುಬಲಿಯವರ ಮಗ, ಇಂಜಿನಿಯರಿಂಗ್ ಕಲಿಯುವವ. ಮೊನ್ನೆ ಬೈಕಿನಲ್ಲಿ ಬಂದು, "ಮುನವ್ವರಣ್ಣ, ದುಬೈಯಲ್ಲಿ ಏಸಿಯ ತಣ್ಣೀರಿನ ಪೈಪಿಗೆ ನೀವು ಎಂತ ಸುತ್ತುವುದು?" ಅಂತ ಕೇಳಿ ಹೋದನಲ್ಲ, ಅವನೇ. ಅವನ ಕಾಲೇಜಿನಲ್ಲಿ ಇವತ್ತು ಸ್ಪರ್ಧೆ. ಯಾರ ಕಂಪ್ಯೂಟರ್ ಜಾಸ್ತಿ ಓಡ್ತದೆ ಅಂತ… ಯಾಕೆ ನಗುವುದು? ಅದಕ್ಕೆ ಕಾಲಿಲ್ಲ, ನನಗೂ ಗೊತ್ತುಂಟು. ಕಂಪನಿಯವರು ಇಟ್ಟ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಕೆಲಸ ಮಾಡಿಸುವುದು. ಆಗ ಅದರ ಮಂಡೆ, ಅಂದ್ರೆ ಒಳಗಿನ ದೊಡ್ಡ ಚಿಪ್, ಕೆಂಡದ ಹಾಗೆ ಬಿಸಿಯಾಗ್ತದೆ. ಅದಕ್ಕೆ ಮಂಡೆಯ ಮೇಲೆ ತಾಮ್ರದ ಬಿಲ್ಲೆ ಕೂರಿಸಿ, ಬಿಲ್ಲೆಯ ಒಳಗೆ ನೀರು ಸುತ್ತಿಸ್ತಾರೆ. ಪೈಪು, ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪಂಪು, ಒಂದು ಡಬ್ಬ ನೀರು. ಇವರು ಆ ಡಬ್ಬಕ್ಕೆ ಐಸ್ ಹಾಕಿದ್ರು.

ಬಸ್‌ಸ್ಟ್ಯಾಂಡ್ ಹತ್ತಿರ ನಮ್ಮ ಪಕ್ಕದ ಮನೆ ಅಬ್ಬಾಸ್ ಕಾರು ನಿಲ್ಲಿಸಿ, ಒಂದು ಚಾ ಕುಡಿಯುವ ಅಂದ. ನೋಡ್ತೇನೆ, ಅಂಕಿತ್ ಐಸಿನ ಗೋಣಿ ಹೊತ್ತುಕೊಂಡು ಓಡ್ತಿದ್ದಾನೆ. ನನ್ನನ್ನು ಕಂಡದ್ದೇ ಗೋಣಿ ಕೆಳಗೆ ಹಾಕಿದ. "ಅಣ್ಣ, ಪೈಪು ಬೆವರ್ತಾ ಉಂಟು." ಅಳುವುದೊಂದು ಬಾಕಿ. ಐದು ನಿಮಿಷ ನೋಡಿ ಹೋಗುವ ಅಂತ ಅವನ ಕಾಲೇಜಿಗೆ ಹೋದೆ. ಹೋಗಿ ನೋಡಿದರೆ ಬಿಲ್ಲೆಯ ಸುತ್ತ ಮುತ್ತು ಕಟ್ಟಿದ ಹಾಗೆ ನೀರು. ಒಂದು ಹನಿ ಕೆಳಗಿನ ಬೋರ್ಡಿಗೆ ಬೀಳಲಿಕ್ಕೆ ತಯಾರಾಗಿ ನಿಂತಿದೆ. "ಮೊದಲು ಕರೆಂಟ್ ತೆಗೀರಿ ಮಾರಾಯ್ರೆ" ಅಂದೆ.

ಒಬ್ಬ ಹುಡುಗ ಪೈಪು ಸೋರ್ತದೆ ಅಂತ ಟೇಪ್ ಹಚ್ಚುತ್ತಿದ್ದ. ಸೋರುವುದಲ್ಲ ಅದು. ಆ ನೀರು ಬರುವುದು ಗಾಳಿಯಿಂದ. ನಮ್ಮ ಊರಿನ ಗಾಳಿ ಅಂದ್ರೆ ಹಿಂಡದೆ ಹರವಿದ ಬಟ್ಟೆ, ತಣ್ಣಗಿನದ್ದು ಮುಟ್ಟಿದರೆ ಅಲ್ಲೇ ನೀರು ಬಿಡ್ತದೆ. ಇದೆಲ್ಲ ನನಗಿಂತ ಚಂದ ಅಂಕಿತನಿಗೆ ಗೊತ್ತುಂಟು. ಒಂದು ಸ್ಟೀಲ್ ಲೋಟಕ್ಕೆ ನೀರು ಹಾಕಿ, ಥರ್ಮಾಮೀಟರ್ ಇಳಿಸಿ, ಸ್ವಲ್ಪ ಸ್ವಲ್ಪವೇ ಐಸ್ ಹಾಕ್ತಾ ಹೋದ. ಲೋಟದ ಹೊರಗೆ ಮಂಜು ಕೂತ ಕೂಡಲೆ, "ಇಲ್ಲಿಗೆ ನಿಲ್ಲಬೇಕು ಅಣ್ಣ. ಇದಕ್ಕಿಂತ ತಣ್ಣಗೆ ಹೋದ್ರೆ ಬೆವರು ಗ್ಯಾರಂಟಿ" ಅಂದ. ನಾನು ಬಾಯಿ ಬಿಟ್ಟು ನೋಡಿದೆ. ಇಷ್ಟು ವರ್ಷ ಪೈಪಿಗೆ ಸುತ್ತಿದ್ದೇನೆ, ಎಲ್ಲಿಂದ ಬೆವರು ಸುರು ಆಗ್ತದೆ ಅಂತ ಒಂದು ಲೋಟ ಹೇಳ್ತದೆ ಅಂತ ಗೊತ್ತಿರಲಿಲ್ಲ.

ಆದ್ರೆ ಅವರಿಗೆ ಅಷ್ಟಕ್ಕೆ ನಿಲ್ಲಲಿಕ್ಕೆ ಮನಸ್ಸಿಲ್ಲ, ಇನ್ನೂ ತಣ್ಣಗೆ ಬೇಕು. ಹಾಗಾದ್ರೆ ಗಾಳಿ ಮುಟ್ಟದ ಹಾಗೆ ಸುತ್ತಬೇಕು. ಅದು ನನ್ನ ಕೆಲಸ. ಫ್ರಿಜ್ ರಿಪೇರಿ ಅಂಗಡಿಯಿಂದ ಕಪ್ಪು ಸ್ಪಂಜಿನ ಕೊಳವೆ ತರಿಸಿದೆ. ಹಾಸ್ಟೆಲಿನ ಹುಡುಗಿಯೊಬ್ಬಳು ಕೂದಲು ಒಣಗಿಸುವ ಮೆಷಿನ್ ತಂದುಕೊಟ್ಟಳು, ಅದರಲ್ಲಿ ಬೋರ್ಡು ಪೂರ ಒಣಗಿಸಿದೆವು. ಪೈಪಿಗೆ ಸ್ಪಂಜು, ಬಿಲ್ಲೆಯ ಸುತ್ತ ಸ್ಪಂಜು, ಬೋರ್ಡಿನ ಬೆನ್ನಿಗೂ ಸ್ಪಂಜು. ಅಲ್ಲಿ ಸಣ್ಣ ಸಣ್ಣ ಎಡೆ ಇರ್ತದಲ್ಲ, ಅದಕ್ಕೆ ವ್ಯಾಸಲಿನ್… ಹೌದು, ತುಟಿಗೆ ಹಚ್ಚುವುದೇ. ಸಾಸಿವೆಯಷ್ಟು ಜಾಗ ಬಿಟ್ಟರೂ ಗಾಳಿ ನುಗ್ಗಿ ಒಳಗೇ ನೀರಾಗ್ತದೆ, ಹೊರಗೆ ಕಾಣುವುದೂ ಇಲ್ಲ. ಅಬ್ಬಾಸ್ ಹೊರಗಿಂದ ಹಾರ್ನ್ ಹೊಡೀತಾ ಇದ್ದಾನೆ. ಆಮೇಲೆ ಅವನೂ ಬಂದು ಸ್ಪಂಜು ಹಿಡಿದ.

ಸ್ಪರ್ಧೆ ಸುರುವಾಯ್ತು. ಪಕ್ಕದ ಮೇಜಿನವರು ಐಸಿಗೆ ಉಪ್ಪು ಬೆರೆಸಿದ್ರು, ಇನ್ನೂ ತಣ್ಣಗಾಗಲಿ ಅಂತ. ಸ್ವಲ್ಪ ಹೊತ್ತಿಗೆ ಬೆವರು ಬೋರ್ಡಿಗೆ ಇಳಿದು ಅವರ ಪರದೆ ಕಪ್ಪಾಯ್ತು. ಅಂಕಿತನ ಕೈಯೂ ಐಸಿನ ಕಡೆ ಹೋಯ್ತು. ಹಿಡಿದೆ. "ಸುತ್ತಿದ್ದು ನಾನು, ನನಗೆ ಗೊತ್ತುಂಟು ಅದು ಎಷ್ಟು ತಡೀತದೆ ಅಂತ. ಇಷ್ಟು ಸಾಕು." ಕೇಳಿದ, ಪಾಪ. ಕೊನೆವರೆಗೆ ಒಂದು ಹನಿ ಇಲ್ಲ ಶಾಹಿದಾ. ನಮಗೆ ಎರಡನೇ ಬಹುಮಾನ. ಆ ಹುಡುಗ ನನ್ನನ್ನು ಎತ್ತಿಕೊಂಡು ಕುಣಿದ. ದುಬೈಯಲ್ಲಿ ನಾನು ಸುತ್ತಿದ ಪೈಪಿನ ಕೆಳಗೆ ಸೀಲಿಂಗ್ ಕೂರಿಸ್ತಾರೆ, ನನ್ನ ಕೆಲಸವನ್ನು ಮತ್ತೆ ಯಾರೂ ನೋಡುವುದಿಲ್ಲ. ಇವತ್ತು ಹುಡುಗರು ಬಗ್ಗಿ ಬಗ್ಗಿ ನೋಡಿದ್ರು. ಅವರ ಸರ್ ಕೂಡ ನೋಡಿದ್ರು. ಅವರ ಹೊಸ ಲ್ಯಾಬಿನ ಏಸಿ ಪೈಪು ಬೆವರಿ ನೀರು ಬೀಳ್ತದಂತೆ, ಒಮ್ಮೆ ಬರ್ತೀರಾ ಅಂತ ಕೇಳಿದ್ರು. ಸೋಮವಾರ ಬರ್ತೇನೆ ಅಂದೆ…

…ಎಂತ ಅದು, ಬೆರಳು ಮಡಚಿ ದಿನ ಲೆಕ್ಕ ಮಾಡುವುದು?

ನಾಳೆಯ ವಿಮಾನ ಅಂದೆನಲ್ಲ, ಅದು… ಸೋಮವಾರ ಅಂದದ್ದು ಬಾಯಿತಪ್ಪಿ… ಬೈಯುವುದಾದರೆ ಬೈ.

ಸರಿ. ವಿಮಾನಕ್ಕೆ ಎಂತದೂ ಆಗಲಿಲ್ಲ. ಹೊತ್ತಿಗೆ ಸರಿಯಾಗಿ ಹೋಗಿರಬೇಕು. ಕೆಲಸ ಮುಗಿದಾಗಲೂ ಸಮಯ ಇತ್ತು, ಬೇಕಾದಷ್ಟು ಇತ್ತು. ಹೊಟೇಲಿನಲ್ಲಿ ಊಟ ಮಾಡಿ ಕಾರು ಹತ್ತಿದೆವು. ಅಬ್ಬಾಸ್, "ಬಜ್ಪೆ ಏರ್‌ಪೋರ್ಟಿಗಲ್ವಾ?" ಅಂತ ಕೇಳಿದ. ಹೌದು ಅನ್ನಲಿಕ್ಕೆಂದೇ ಬಾಯಿ ತೆರೆದೆ. ಬಂದದ್ದು "ಮನೆಗೆ, ಕಕ್ಕಿಂಜೆಗೆ" ಅಂತ. ಅವನು ತಿರುಗಿ ಒಮ್ಮೆ ನೋಡಿದ, ಇಳಿದು ಯಾರಿಗೋ ಫೋನ್ ಮಾಡಿ ಬಂದ, ಕಾರು ತಿರುಗಿಸಿದ.

ಲ್ಯಾಬಿನ ಕೆಲಸ ಹೆಚ್ಚೆಂದರೆ ಒಂದು ತಿಂಗಳದ್ದು. ಅದರ ಮೇಲೆ ಎಂತ ಅಂತ ನನಗೂ ಗೊತ್ತಿಲ್ಲ. ಹೆದರಿಕೆ ಉಂಟು. ಆದ್ರೆ ಮದುವೆಯಾಗಿ ಎಂಟು ವರ್ಷ ಆಯ್ತು, ನಾವು ಒಟ್ಟಿಗೆ ಇದ್ದದ್ದು ಒಂದು ವರ್ಷ ಆಗಲಿಕ್ಕಿಲ್ಲ. ಬರುವಾಗ ನೀನು ಬಾಗಿಲು ತೆಗೆದು ಎಂತ ಕೇಳ್ತೀಯೋ ಅಂತ ಯೋಚನೆ ಮಾಡಿ ಮಾಡಿ ಆ ಸುಳ್ಳು ಹುಟ್ಟಿದ್ದು…

ಎದ್ದು ಎಲ್ಲಿಗೆ ಹೋಗ್ತೀ? ಅಡಿಗೆಮನೆಗಾ? ನಿಲ್ಲು, ನಾನೂ ಬರ್ತೇನೆ.

ಒಲೆಯಲ್ಲಿ ಎಂತ ಉಂಟು? ಕೋಳಿ ಸಾರಾ? ಇಷ್ಟು ಅಕ್ಕಿ ರೊಟ್ಟಿ ಯಾರಿಗೆ? ಮನೆಯಲ್ಲಿ ನೀನೊಬ್ಬಳೇ ಅಲ್ವಾ ಇವತ್ತು…

ಅಕ್ಕಿ ನೆನೆಯಬೇಕು, ಕಡೆಯಬೇಕು, ತಟ್ಟಬೇಕು. ಮಧ್ಯಾಹ್ನವೇ ನೆನೆಹಾಕಿದ್ದಾ? ಅಬ್ಬಾಸ್ ಆಗ ಫೋನ್ ಮಾಡಿದ್ದು ಅವನ ಹೆಂಡತಿ ನಬೀಸಾಗೆ. ನಬೀಸಾ ಬೇಲಿ ದಾಟಿ ಓಡಿ ಬಂದು ನಿನಗೆ ಹೇಳಿದ್ದು… ಅಲ್ವಾ?

ಎಲ್ಲ ಗೊತ್ತಿದ್ದೂ ನನ್ನ ಕೈಯಲ್ಲಿ ಕೆಟ್ಟ ವಿಮಾನದ ಕಥೆ ಹೇಳಿಸಿದೆಯಲ್ಲ ಮಾರಾಯ್ತಿ.

ಆಯ್ತು, ಸರಿ. ಸ್ವಲ್ಪ ಅತ್ತ ಸರಿ, ನಾನೂ ಇಲ್ಲೇ ಕೂತುಕೊಳ್ತೇನೆ.