ಬಾವ್ಯಾಗಿನ ಉಸಿರು

ಫೋನು ಮಗ್ಗಲಿಗಿಡ್ರಿ, ಹೇಳ್ತೇನಿ. ಅತನೂರಾಗ ನಮ್ಮ ಮಗ್ಗಲಮನಿ ಗುಲಫಶಾಗ ಆದದ್ದು ಇದು. ಹೋದ ವರ್ಷ.

ಅಫಜಲಪುರದಿಂದ ಕೊನೀ ಬಸ್ಸಿಗೆ ಬಂದಿಳಿದಳು. ಅವರವ್ವ ಪ್ಯಾರಿಬಿ ಬ್ಯಾಟರಿ ಹಿಡಕೊಂಡು ಕರಿಯಾಕ ಹೋಗಿದ್ದಳು. ಇಬ್ಬರೂ ಆಲದ ಗಿಡದ ಸಿಹಿನೀರಿನ ಬಾವಿ ದಾಟಿ ಹೊಂಟಿದ್ರು. ಆಗ...

"ಫುಸ್ಸ್!"

ಜೋರಾಗಿ ಉಸಿರು ಬಿಟ್ಟ ಸಪ್ಪಳ. ಅದರ ಹಿಂದನ ಗಕ್ಕನ ಎಳಕೊಂಡ ಸಪ್ಪಳ. ಬಾವಿ ಒಳಗಿಂದ.

"ಏನಬೇ ಅದು?" ಪ್ಯಾರಿಬಿ ಪಿಸುಗುಟ್ಟಿದಳು. "ಎಮ್ಮಿ ಬಿದ್ದದೇನ?"

ಬಾವ್ಯಾಗ ಬ್ಯಾಟರಿ ಬೆಳಕು ಬಿಟ್ಟು ನೋಡಿದಳು. ನೀರು ಅಲುಗಿದ್ದಿಲ್ಲ.

ಗುಲಫಶಾ ಬಾವಿ ಕಡೆ ತಿರುಗಿದಳು. ಆ ಉಸಿರು ಅಕಿಗೆ ಗೊತ್ತಿತ್ತು...

ಎಂಟು ತಿಂಗಳು ಕಡಲ ದಂಡಿ ಮ್ಯಾಲಿನ ಒಂದು ಸಂಶೋಧನಾ ಕೇಂದ್ರದಾಗ ಪಗಾರಿಲ್ದ ಸೇವಾ ಮಾಡಿದಾಕಿ ಅಕಿ. ಮೀನಿನ ಬಲಿಯಾಗ ಸಿಕ್ಕು ಗಾಯಾದ ಡಾಲ್ಫಿನ್ ಒಂದು ಅಲ್ಲಿತ್ತು, ಮೋತಿ ಅಂತ. ಮೀನು ತಿನಿಸಿ ತಿನಿಸಿ ಇಕಿನ ಅದಕ್ಕ ಕಲಿಸಿದ್ದಳು: ಒಂದು ಸೀಟಿಗೆ ತಳಕ್ಕ ಹೋಗಬೇಕು, ಇನ್ನೊಂದು ಸೀಟಿ ಊದೋ ತನಕ ಉಸಿರು ಹಿಡಿದು ಅಲ್ಲೇ ಇರಬೇಕು. ಎಷ್ಟು ಹೊತ್ತು ತಡೀತದ ಅಂತ ಅಲ್ಲಿನ ಡಾಕ್ಟರು ಬರಕೊಳ್ತಿದ್ರು.

ಒಂದಿನ ಮೋತಿ ಮುಂಜಾನಿಂದ ಮೀನ ಮುಟ್ಟಲಿಲ್ಲ. ಹೇಳಿದ್ರ ಪರೀಕ್ಷೆ ನಿಲ್ತದ. ದೊಡ್ಡವರು ನೋಡಾಕ ಬಂದಿದ್ರು, ಎಲ್ಲರೆದುರು ಇಕಿಗೆ ಶಾಭಾಸ್ ಅನಿಸಿಕೊಳ್ಳೋ ಆಸೆ. ವಹಿಯಾಗ 'ತಿಂದದ' ಅಂತ ಬರೆದು ಸೀಟಿ ಊದಿದಳು.

ಅದು ಅಕಿ ಮಾರಿ ಒಮ್ಮೆ ನೋಡಿ... ಮುಳುಗಿತು.

ಎದ್ದು ಬಂದಾಗ ಉಸಿರು ಹತ್ತಿತ್ತು. ಬೆಳಗಾಗೂದ್ರಾಗ ತೀರಿಹೋಯ್ತು. ಹಳೇ ಗಾಯದ್ದ ನಂಜು ಅಂದ್ರು ಎಲ್ಲರೂ. ಇಕಿ ಬಾಯಿ ಬಿಡಲಿಲ್ಲ. ಸೂಟಿ ಕೊಟ್ಟಾರ ಅಂತ ಸುಳ್ಳು ಹೇಳಿ ಊರಿಗೆ ಬಂದಿದ್ದಳು.

"ಫುಸ್ಸ್!" ಮತ್ತ. ಈ ಸಲ ಬಾವಿ ಕಟ್ಟಿ ಸಮೀಪ.

"ನಡೀಬೇ ಮನಿಗೆ," ಪ್ಯಾರಿಬಿ ಕೈ ಹಿಡಿದು ಎಳೆದಳು.

"ತಡಿ ಅಮ್ಮಿ."

ಗುಲಫಶಾ ಬಾವಿಗೆ ಬಗ್ಗಿದಳು. "ಮೋತಿ... ನೀ ಉಂಡಿದ್ದಿಲ್ಲ. ನನಗ ಗೊತ್ತಿತ್ತು. ಗೊತ್ತಿದ್ದೂ ತಳಕ್ಕ ಕಳಿಸಿದೆ."

ಒಂದು ಉದ್ದನ ಉಸಿರು ಬಂತು... ಆಮ್ಯಾಲ ಏನೂ ಇಲ್ಲ.

ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಹಚ್ಚಿ ಎಲ್ಲಾ ಹೇಳಿದಳು. ಅವರು ಕೇಳಿ, "ಇನ್ನ ಬರಬ್ಯಾಡಮ್ಮ," ಅಂದ್ರಂತ.

ಮರುದಿನ ಪ್ಯಾರಿಬಿ ಆ ಬಾವಿ ನೀರಾಗ ತೊಗರಿ ಬ್ಯಾಳಿ ಇಟ್ಟಳು. ಮಧ್ಯಾಹ್ನಾದ್ರೂ ಬೇಯಲಿಲ್ಲ. ಒಂದು ಬಟ್ಟಲ ನನಗೂ ತಂದು ತೋರಿಸಿದ್ಲು. ಬಾಯಾಗ ಹಾಕಿಕೊಂಡ್ರ ಕಟ್ ಕಟ್ ಅಂತಿತ್ತು, ಉಪ್ಪಂದ್ರ ಉಪ್ಪು.

ನಂಬ್ರಿ, ಬಿಡ್ರಿ. ತಿಂದಾಕಿ ನಾನು. ಪ್ಯಾರಿಬಿ ಅದಕ್ಕಿನ್ನೂ ಉಪ್ಪು ಹಾಕಿದ್ದಿಲ್ಲ.